ಜಠರದ ಒಳಪೊರೆಗೆ ಬ್ಯಾಕ್ಟೀರಿಯಾ ದಾಳಿ: ಜರ್ಬಿಲ್ ಕಲಿಸಿದ ಪಾಠ

ಖಾರದ ಊಟ, ಮಾನಸಿಕ ಒತ್ತಡಗಳೇ ಹೊಟ್ಟೆಹುಣ್ಣಿಗೆ ಕಾರಣ ಎಂಬ ನಂಬಿಕೆ ದಶಕಗಳ ಕಾಲ ಬೇರೂರಿತ್ತು. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ರೋಗಿಗಳ ಜಠರದಿಂದ ಸುರುಳಿಯಾಕಾರದ ಬ್ಯಾಕ್ಟೀರಿಯಾವನ್ನು ಪ್ರತ್ಯೇಕಿಸಿ ಬೆಳೆಸಿದಾಗ ಈ ನಂಬಿಕೆ ಅಲುಗಾಡಿತು. ಇದಕ್ಕೆ ಈಗಿನ ಹೆಸರು ಹೆಲಿಕೋಬ್ಯಾಕ್ಟರ್ ಪೈಲೋರಿ.

ಆದರೆ ರೋಗಕ್ಕೆ ಇದೇ ಕಾರಣವೆಂದು ಸಾಬೀತುಪಡಿಸುವುದು ಸುಲಭವಾಗಿರಲಿಲ್ಲ. ಹಂದಿಮರಿಗಳಲ್ಲಿ ಸೋಂಕು ಉಂಟುಮಾಡಲು ಮಾರ್ಷಲ್ ನಡೆಸಿದ ಯತ್ನ ವಿಫಲವಾಯಿತು. 1984ರಲ್ಲಿ ಅವರು ಬ್ಯಾಕ್ಟೀರಿಯಾ ದ್ರಾವಣವನ್ನು ಸ್ವತಃ ಕುಡಿದರು. ಕೆಲವೇ ದಿನಗಳಲ್ಲಿ ಅವರ ಜಠರದ ಒಳಪೊರೆ ಉರಿಯೂತಕ್ಕೆ ತುತ್ತಾಯಿತು. ಈ ಸಂಶೋಧನೆಗೆ 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು.

ಹಾನಿಯ ಬಗೆ

ಯೂರಿಯೇಸ್ ಎಂಬ ಕಿಣ್ವದ ನೆರವಿನಿಂದ ಈ ಬ್ಯಾಕ್ಟೀರಿಯಾ ಅಮೋನಿಯಾ ಉತ್ಪಾದಿಸಿ, ಸುತ್ತಲಿನ ಆಮ್ಲವನ್ನು ತಟಸ್ಥಗೊಳಿಸುತ್ತದೆ. ಬಳಿಕ ಬಾಲದಂತಹ ಎಳೆಗಳಿಂದ ಈಜುತ್ತ ಲೋಳೆಯ ಪದರದೊಳಗೆ ನುಸುಳುತ್ತದೆ. ಕೆಲವು ತಳಿಗಳು ಕ್ಯಾಗ್-ಎ ಎಂಬ ಪ್ರೋಟೀನನ್ನು ಸೂಜಿಯಂಥ ರಚನೆಯ ಮೂಲಕ ಕೋಶಗಳೊಳಕ್ಕೆ ಚುಚ್ಚುತ್ತವೆ. ರಕ್ಷಣೆಗೆಂದು ಧಾವಿಸುವ ಬಿಳಿ ರಕ್ತಕಣಗಳಿಂದಲೂ ಒಳಪೊರೆ ಘಾಸಿಗೊಳ್ಳುತ್ತದೆ.

ಜರ್ಬಿಲ್‌ನ ಸಾಕ್ಷ್ಯ

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 1994ರಲ್ಲಿ ಈ ಸೋಂಕನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಆಗಿನ ಆಧಾರ ಮುಖ್ಯವಾಗಿ ಜನಸಮುದಾಯಗಳ ಅಧ್ಯಯನಗಳಾಗಿದ್ದವು. ಇಲಿಗಳಲ್ಲಿ ಸೋಂಕು ತಗುಲಿದರೂ ರೋಗ ಸಾಮಾನ್ಯವಾಗಿ ಸೌಮ್ಯವಾಗಿರುತ್ತಿತ್ತು. ಈ ಕೊರತೆ ನೀಗಿಸಿದ್ದು ಮಂಗೋಲಿಯನ್ ಜರ್ಬಿಲ್ ಎಂಬ ಮರುಭೂಮಿಯ ಪುಟ್ಟ ದಂಶಕ. ಜಪಾನಿನ ವಿಜ್ಞಾನಿಗಳು 1998ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸೋಂಕಿತ ಜರ್ಬಿಲ್‌ಗಳಲ್ಲಿ ಮೊದಲು ಉರಿಯೂತ, ಅನಂತರ ಹುಣ್ಣು ಕಾಣಿಸಿಕೊಂಡವು. ಜಠರದ ಕೋಶಗಳು ಕರುಳಿನ ಕೋಶಗಳ ರೂಪ ತಾಳಿದವು. 62ನೇ ವಾರದ ಹೊತ್ತಿಗೆ ಶೇ 37ರಷ್ಟು ಪ್ರಾಣಿಗಳಲ್ಲಿ ಕ್ಯಾನ್ಸರ್ ಪತ್ತೆಯಾಯಿತು. ಅವುಗಳಿಗೆ ಬೇರಾವ ಕ್ಯಾನ್ಸರ್‌ಕಾರಕ ರಾಸಾಯನಿಕವನ್ನೂ ನೀಡಿರಲಿಲ್ಲ.

ಚಿಕಿತ್ಸೆಯ ಹೊತ್ತು ಮುಖ್ಯ

2003ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಸೋಂಕಿನ ಜತೆಗೆ ರಾಸಾಯನಿಕವನ್ನೂ ನೀಡಿ, ಬೇರೆಬೇರೆ ಹಂತಗಳಲ್ಲಿ ಸೋಂಕು ನಿವಾರಿಸಲಾಯಿತು. ಬೇಗ ಚಿಕಿತ್ಸೆ ಪಡೆದ ಜರ್ಬಿಲ್‌ಗಳಲ್ಲಿ ಕ್ಯಾನ್ಸರ್ ತೀರ ಕಡಿಮೆಯಿತ್ತು. ತಡವಾದಷ್ಟೂ ಪ್ರಯೋಜನ ಕುಗ್ಗಿತು. ಹೆಚ್ಚು ಉಪ್ಪಿನ ಆಹಾರ ಸೋಂಕಿತ ಜರ್ಬಿಲ್‌ಗಳ ಅಪಾಯವನ್ನು ಹೆಚ್ಚಿಸಿದ್ದೂ ಪ್ರಯೋಗಗಳಿಂದ ತಿಳಿದುಬಂದಿದೆ.

ಪ್ರಾಣಿಗಳಲ್ಲಿ ಕಂಡದ್ದೆಲ್ಲವೂ ಮನುಷ್ಯರಿಗೆ ಯಥಾವತ್ ಅನ್ವಯಿಸದು. ಸೋಂಕಿತರಲ್ಲಿ ಕ್ಯಾನ್ಸರ್‌ಗೆ ತುತ್ತಾಗುವವರು ಕೆಲವರು ಮಾತ್ರ. ಆದರೂ ಒಳಪೊರೆಯ ಹಾನಿ ಮುಂದುವರಿಯುವ ಮುನ್ನವೇ ಸೋಂಕನ್ನು ಪತ್ತೆಹಚ್ಚಿ, ವೈದ್ಯರ ಸಲಹೆಯಂತೆ ಆ್ಯಂಟಿಬಯೋಟಿಕ್ ಚಿಕಿತ್ಸೆ ಪಡೆಯುವುದು ಲೇಸು ಎಂಬುದಕ್ಕೆ ಈ ಪುಟ್ಟ ಪ್ರಾಣಿ ಬಲವಾದ ಪುರಾವೆ ಒದಗಿಸಿದೆ.