ತರಗತಿಯಲ್ಲಿ ನಗೆಗೀಡಾದ ಪ್ರಶ್ನೆ

ಬಿಸಿನೀರು, ತಣ್ಣೀರುಗಳನ್ನು ಸಮಪ್ರಮಾಣದಲ್ಲಿ ಫ್ರೀಜರಿನಲ್ಲಿಟ್ಟರೆ ಬಿಸಿನೀರೇ ಮೊದಲು ಹೆಪ್ಪುಗಟ್ಟುವುದೇಕೆ? ನಿಮ್ಮ ತರಗತಿಯಲ್ಲಿ ವಿದ್ಯಾರ್ಥಿಯೊಬ್ಬ ಎದ್ದುನಿಂತು ಹೀಗೆ ಕೇಳಿದರೆ ಏನೆನ್ನುವಿರಿ? 'ಹಾಗಾಗುವುದು ಸಾಧ್ಯವೇ ಇಲ್ಲ, ಕುಳಿತುಕೋ' ಎಂದೇ ಅಲ್ಲವೆ?

1963ರಲ್ಲಿ ಆಫ್ರಿಕದ ಟಾಂಗನೀಕದಲ್ಲಿ (ಇಂದಿನ ಟಾಂಜಾನಿಯ) ಎರಾಸ್ಟೊ ಎಂಪೆಂಬ ಎಂಬ ಶಾಲಾ ಬಾಲಕನಿಗೆ ಆದದ್ದೂ ಅದೇ. ಮಗಾಂಬ ಪ್ರೌಢಶಾಲೆಯ ಹುಡುಗರು ಹಾಲು ಕಾಯಿಸಿ, ಸಕ್ಕರೆ ಬೆರೆಸಿ, ಆರಿಸಿ ಐಸ್‌ಕ್ರೀಮ್ ಮಾಡುತ್ತಿದ್ದರು. ಫ್ರೀಜರಿನಲ್ಲಿ ಜಾಗ ತಪ್ಪಿಹೋದೀತೆಂದು ಎಂಪೆಂಬ ಒಂದು ದಿನ ಬಿಸಿ ಹಾಲನ್ನೇ ಇಟ್ಟುಬಿಟ್ಟ. ಒಂದೂವರೆ ಗಂಟೆಯ ಬಳಿಕ ನೋಡಿದರೆ ಅವನದು ಗಟ್ಟಿಯಾಗಿತ್ತು. ಹಾಲು ಕಾಯಿಸದೆಯೇ ಇಟ್ಟಿದ್ದ ಗೆಳೆಯನದು ಇನ್ನೂ ದ್ರವವಾಗಿಯೇ ಇತ್ತು. ಕಾರಣ ಕೇಳಿದಾಗ ಅಧ್ಯಾಪಕರು, ನೀನೇ ಗೊಂದಲಗೊಂಡಿರಬೇಕು ಎಂದರು.

ಮುಂದೆ ಇರಿಂಗದ ಎಂಕ್ವಾವ ಪ್ರೌಢಶಾಲೆಯಲ್ಲಿ, ವಸ್ತುಗಳು ತಣಿಯುವ ಬಗ್ಗೆ ನ್ಯೂಟನ್ನನ ನಿಯಮದ ಪಾಠ ನಡೆದಾಗ ಮತ್ತೆ ಕೇಳಿದ. ಅದು ಎಂಪೆಂಬನ ಭೌತವಿಜ್ಞಾನ, ಎಲ್ಲರದಲ್ಲ ಎಂಬ ಉತ್ತರ ಬಂತು. ಆಮೇಲೆ ಅವನು ಎಲ್ಲಿ ತಪ್ಪಿದರೂ ಸಹಪಾಠಿಗಳ ಬಾಯಲ್ಲಿ ಅದೇ ಮಾತು! ಅಧ್ಯಾಪಕರನ್ನೂ ಪೂರ್ತಿ ದೂರುವಂತಿಲ್ಲ. ಬಿಸಿನೀರು ತಣಿಯುತ್ತ ಮೊದಲು ತಣ್ಣೀರಿನ ಉಷ್ಣತೆಗೆ ಬರಲೇಬೇಕಲ್ಲ? ಆದರೆ ಯಾರೂ ಮಾಡಿ ನೋಡಿರಲಿಲ್ಲ. ಎಂಪೆಂಬ ಎರಡು ಬೀಕರುಗಳಲ್ಲಿ ತಾನೇ ಮಾಡಿ ನೋಡಿದ.

ದಾರ್ ಎಸ್ ಸಲಾಮಿನ ವಿಶ್ವವಿದ್ಯಾಲಯ ಕಾಲೇಜಿನಿಂದ ಡೆನಿಸ್ ಆಸ್ಬಾರ್ನ್ ಎಂಬ ಭೌತವಿಜ್ಞಾನಿ ಶಾಲೆಗೆ ಉಪನ್ಯಾಸಕ್ಕೆ ಬಂದರು. ಎಂಪೆಂಬ ಅವರನ್ನೂ ಕೇಳಿದ: ಒಂದರಲ್ಲಿ 35, ಇನ್ನೊಂದರಲ್ಲಿ 100 ಡಿಗ್ರಿ ಸೆಲ್ಸಿಯಸ್‌ನ ನೀರು, 100ರದ್ದೇ ಮೊದಲು ಹೆಪ್ಪುಗಟ್ಟುವುದೇಕೆ? ತರಗತಿ ನಕ್ಕಿತು. ಆಸ್ಬಾರ್ನರಿಗೂ ನಂಬಿಕೆಯಾಗಲಿಲ್ಲ. ಆದರೂ ಪರೀಕ್ಷಿಸಿ ನೋಡುವುದಾಗಿ ಹೇಳಿದರು, ಮಾತಿನಂತೆ ನಡೆದರು. ಪ್ರಯೋಗ ಮಾಡಿದ ತಂತ್ರಜ್ಞ, ಬಿಸಿನೀರೇ ಮೊದಲು ಹೆಪ್ಪುಗಟ್ಟಿತು, ಆದರೆ ಸರಿಯಾದ ಫಲಿತಾಂಶ ಬರುವವರೆಗೆ ಪ್ರಯೋಗ ಮುಂದುವರಿಸುತ್ತೇವೆ ಎಂದನಂತೆ!

1969ರಲ್ಲಿ ಎಂಪೆಂಬ, ಆಸ್ಬಾರ್ನ್ ಇಬ್ಬರ ಹೆಸರಿನಲ್ಲೂ 'ಫಿಸಿಕ್ಸ್ ಎಜುಕೇಶನ್' ಪತ್ರಿಕೆಯಲ್ಲಿ ಲೇಖನ ಪ್ರಕಟವಾಯಿತು. ಅರಿಸ್ಟಾಟಲ್, ಬೇಕನ್, ಡೇಕಾರ್ಟ್ ಹಿಂದೆಯೇ ಪ್ರಸ್ತಾಪಿಸಿದ್ದ ಈ ವಿದ್ಯಮಾನಕ್ಕೆ ಎಂಪೆಂಬ ಪರಿಣಾಮವೆಂಬ ಹೆಸರೇ ನಿಂತಿತು.

ಕಾರಣವೇನು? ಆವಿಯಾಗಿ ಹೋಗುವ ನೀರು, ಪಾತ್ರೆಯೊಳಗಿನ ಪ್ರವಾಹಗಳು, ಅತಿಶೀತಲತೆ ಎಂದು ಹಲವು ವಿವರಣೆಗಳಿವೆ; ಯಾವುದೂ ಸರ್ವಸಮ್ಮತವಲ್ಲ. 2016ರಲ್ಲಿ ಬರಿಜ್ ಮತ್ತು ಲಿಂಡನ್ ಎಂಬ ಸಂಶೋಧಕರು, ನೀರಿನಲ್ಲಿ ಇಂಥ ಪರಿಣಾಮಕ್ಕೆ ಅರ್ಥಪೂರ್ಣ ಪುರಾವೆಯೇ ಸಿಗಲಿಲ್ಲವೆಂದು ವರದಿ ಮಾಡಿದರು. ನೀವು ವಿದ್ಯಾರ್ಥಿಗಳಿಂದ ಈ ಪ್ರಯೋಗ ಮಾಡಿಸುವುದಾದರೆ ಪಾತ್ರೆ, ನೀರಿನ ಪ್ರಮಾಣಗಳ ಜೊತೆಗೆ ಥರ್ಮಾಮೀಟರುಗಳ ಎತ್ತರವನ್ನೂ ಗಮನಿಸಿ. ಅದರಲ್ಲಿ ಒಂದು ಸೆಂಟಿಮೀಟರ್ ವ್ಯತ್ಯಾಸವಾದರೂ ಇಲ್ಲದ ಪರಿಣಾಮ ಇದ್ದಂತೆ ತೋರಬಹುದು.