ಮಗ್ಗದ ಮನೆಯೂ ವಿಮೆಯ ಹೊಸ್ತಿಲೂ

ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ವಾಸದ ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಗೆರೆಯೆಳೆದು ಹೇಳುವುದು ಸುಲಭವಲ್ಲ. ಒಂದು ಮಗ್ಗುಲಲ್ಲಿ ವಿದ್ಯುತ್ ಮಗ್ಗಗಳು ಸದ್ದುಮಾಡುತ್ತಿರುವಾಗಲೇ ಮತ್ತೊಂದು ಮಗ್ಗುಲಲ್ಲಿ ಅಡುಗೆಯೂ ಮಕ್ಕಳ ಪಾಠವೂ ರೋಗಿಯ ಶುಶ್ರೂಷೆಯೂ ನಡೆಯುವುದು ಅಲ್ಲಿಯ ವಾಡಿಕೆ. ಆರೋಗ್ಯವಿಮೆಯ ಚರಿತ್ರೆಯನ್ನು ಈ ಊರಿನಲ್ಲಿ ನಿಂತು ನೋಡುವವನಿಗೆ, ಪ್ರಭುತ್ವವು ರೋಗಿಯ ಮನೆಯನ್ನು ಮೊದಲು ಅಂಗೀಕರಿಸಿ ತರುವಾಯ ವಿಸ್ಮರಿಸಿದ ಬಗೆ ಸ್ಪಷ್ಟವಾಗಿ ಗೋಚರಿಸುತ್ತದೆ.

ಕಾರ್ಮಿಕರ ಆರೋಗ್ಯವಿಮೆಯನ್ನು ಕುರಿತು 1944ರಲ್ಲಿ ಬಿ. ಪಿ. ಅಡಾರ್ಕರರು ಸಲ್ಲಿಸಿದ ವರದಿಯ ಫಲವಾಗಿ 1948ರಲ್ಲಿ ನೌಕರರ ರಾಜ್ಯ ವಿಮಾ ಅಧಿನಿಯಮವು ರೂಪುಗೊಂಡಾಗ, ವೈದ್ಯಕೀಯ ಸೌಲಭ್ಯವನ್ನು ಆಸ್ಪತ್ರೆಯಲ್ಲಿಯೂ ಔಷಧಾಲಯದಲ್ಲಿಯೂ ಮಾತ್ರವಲ್ಲದೆ ವಿಮಾದಾರನ ಮನೆಗೇ ಹೋಗಿ ಒದಗಿಸಬಹುದೆಂಬ ಮಾತು ಅದರ 56ನೆಯ ಕಲಮಿನಲ್ಲಿ ಸ್ಥಾನ ಪಡೆದಿತ್ತು. ಬೆಂಗಳೂರಿಗೆ ಈ ಯೋಜನೆ ಬಂದದ್ದು 1958ರಲ್ಲಿ. ಆದರೆ ವಿದ್ಯುತ್ತಿನಿಂದ ನಡೆಯುವ ಕಾರ್ಖಾನೆಯಲ್ಲಿ ಇಪ್ಪತ್ತು ಮಂದಿಯಾದರೂ ಇರಬೇಕೆಂಬ ಅಂದಿನ ನಿಯಮವು, ಅದು ಮುಂದೆ ಹತ್ತಕ್ಕೆ ಇಳಿದ ಮೇಲೂ, ಗಂಡ, ಹೆಂಡತಿ, ಒಬ್ಬಿಬ್ಬರು ಕೂಲಿಯವರು ಸೇರಿ ನಡೆಸುವ ಮಗ್ಗದ ಮನೆಯನ್ನು ಹೊರಗಿಟ್ಟಿತು. ಹೀಗಾಗಿ ಹತ್ತಿರದ ಬಾಶೆಟ್ಟಿಹಳ್ಳಿಯ ಕಾರ್ಖಾನೆಗೆ ದುಡಿಯಲು ಹೋಗುವವನಿಗೆ ದೊರೆತ ಆಶ್ರಯ, ಮನೆಯಲ್ಲಿಯೇ ದುಡಿಯುವವನಿಗೆ ದೊರೆಯಲಿಲ್ಲ. ಮನೆಯೇ ಕಾರ್ಖಾನೆಯಾದವನಿಗೆ ಮನೆಚಿಕಿತ್ಸೆಯ ಹಕ್ಕಿಲ್ಲವೆಂಬುದು ವಿಚಿತ್ರವಾದ ನ್ಯಾಯವೇ ಸರಿ.

2003ರ ಜೂನ್‌ನಲ್ಲಿ, ಡಾ. ದೇವಿಶೆಟ್ಟಿಯವರ ಕಲ್ಪನೆಯಿಂದ ಹುಟ್ಟಿ ಸಹಕಾರ ಇಲಾಖೆಯ ಆಸರೆಯಲ್ಲಿ ಬೆಳೆದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ರೈತ ಸದಸ್ಯರಿಗೆ, ತಿಂಗಳಿಗೆ ಐದು ರೂಪಾಯಿಯಂತೆ ವರ್ಷಕ್ಕೆ ಅರವತ್ತು ರೂಪಾಯಿಗೆ, ಶಸ್ತ್ರಚಿಕಿತ್ಸೆಯ ಅಭಯವನ್ನಿತ್ತಿತು. ಹಾವು ಕಚ್ಚಿದರೂ ಎತ್ತು ತಿವಿದರೂ ನೆರವುಂಟು. ಆದರೆ ಬಾಳಿನುದ್ದಕ್ಕೂ ಮದ್ದು ಬೇಡುವ ಕಾಯಿಲೆಗೆ ಅಲ್ಲಿ ಎಡೆಯಿರಲಿಲ್ಲ. ಕೈಮಗ್ಗದ ನೇಕಾರರಿಗೆಂದು 2005ರ ಸುಮಾರಿಗೆ ಕೇಂದ್ರವು ತಂದ ವಿಮೆಯು, ಕುಟುಂಬಕ್ಕೆ ವರ್ಷಕ್ಕೆ ಹದಿನೈದು ಸಾವಿರ ರೂಪಾಯಿಯ ಮಿತಿಯೊಳಗೆ, ಆಸ್ಪತ್ರೆ ಸೇರದೆಯೇ ಪಡೆಯುವ ಚಿಕಿತ್ಸೆಯ ವೆಚ್ಚವನ್ನೂ ಒಳಗೊಂಡಿತ್ತು. ಈ ಉದಾರ ಬುದ್ಧಿಯಾದರೂ ಕೈಮಗ್ಗಕ್ಕೆ ಮೀಸಲು. ವಿದ್ಯುತ್ ಮಗ್ಗಕ್ಕೆ ಒಲಿದು ಬಹುಕಾಲವಾಗಿದ್ದ ದೊಡ್ಡಬಳ್ಳಾಪುರಕ್ಕೆ ಅದರಿಂದ ಆದ ಪ್ರಯೋಜನ ಅಲ್ಪ. 2018ರ ಆಯುಷ್ಮಾನ್ ಭಾರತ ಯೋಜನೆಯು ಐದು ಲಕ್ಷದವರೆಗಿನ ಭರವಸೆಯೊಡನೆ ಬಂದಿತಾದರೂ, ಆಸ್ಪತ್ರೆಯಿಂದ ಬಿಡುಗಡೆಯಾದ ಮೇಲೆ ರೋಗಿಯನ್ನು ಅದು ಹಿಂಬಾಲಿಸುವುದು ಹದಿನೈದು ದಿನಗಳು ಮಾತ್ರ.

ಅಪರೂಪದ ಕಾಯಿಲೆಗಳ ವಿಷಯದಲ್ಲಿ ಈ ಕೊರತೆ ಇನ್ನೂ ತೀಕ್ಷ್ಣವಾಗುತ್ತದೆ. ಗೋಶೆ ಎಂಬ ವ್ಯಾಧಿಯಲ್ಲಿ ದೇಹವು ತಯಾರಿಸಲಾರದ ಕಿಣ್ವವನ್ನು ಎರಡು ವಾರಕ್ಕೊಮ್ಮೆ ರಕ್ತನಾಳಕ್ಕೆ ಹರಿಸಬೇಕು. ಇದು ಜೀವಮಾನದ ಕೆಲಸ. ಇಂಗ್ಲೆಂಡಿನಲ್ಲಿಯೂ ನೆದರ್ಲೆಂಡ್ಸಿನಲ್ಲಿಯೂ ಶುಶ್ರೂಷಕಿಯರು ರೋಗಿಯ ಮನೆಗೆ ಬಂದು ಇದನ್ನು ನೆರವೇರಿಸುವ ಪದ್ಧತಿ ಬಳಕೆಯಲ್ಲಿದೆ. ನಮ್ಮಲ್ಲಿ 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯು ನೆರವಿನ ಮಿತಿಯನ್ನು ಮೊದಲು ಇಪ್ಪತ್ತು ಲಕ್ಷಕ್ಕೆ ನಿಲ್ಲಿಸಿ, 2022ರಲ್ಲಿ ಐವತ್ತು ಲಕ್ಷಕ್ಕೆ ಏರಿಸಿತು. ಹಣ ಸಲ್ಲುವುದು ನಿಯುಕ್ತವಾದ ಉತ್ಕೃಷ್ಟತಾ ಕೇಂದ್ರಗಳಿಗೆ. ಬೆಂಗಳೂರಿನಲ್ಲಿ ಆ ಸ್ಥಾನವು ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಸಂದಿದೆ. ಜೀವಮಾನದ ಚಿಕಿತ್ಸೆಗೆ ಒಟ್ಟು ಮೊತ್ತದ ಎಲ್ಲೆಯನ್ನು ಕಟ್ಟಿರುವುದು ನನಗೆ ಅಸಂಗತವಾಗಿ ತೋರುತ್ತದೆ; ಮದ್ದಿನ ಬೆಲೆ ಅಷ್ಟು ದೊಡ್ಡದಿರುವಾಗ ಈ ಕೇಂದ್ರಗಳಿಗೆ ಹೋಗಿಬರುವ ಪ್ರಯಾಣದ ಮಾತು ಕ್ಷುಲ್ಲಕವೆಂದು ಯಾರಾದರೂ ಹೇಳಬಹುದು. ಆದರೆ ದೊಡ್ಡಬಳ್ಳಾಪುರದಿಂದ ನಲವತ್ತು ಕಿಲೋಮೀಟರಿನಷ್ಟು ದೂರದ ಆಸ್ಪತ್ರೆಗೆ ಮಗುವನ್ನು ಕರೆದೊಯ್ಯುವ ದಿನ ತಾಯಿತಂದೆಯರಲ್ಲಿ ಒಬ್ಬರ ಮಗ್ಗ ನಿಲ್ಲುತ್ತದೆ, ಮಗ್ಗ ನಿಂತ ದಿನಕ್ಕೆ ಮಜೂರಿಯಿಲ್ಲ.