ಯಲಹಂಕ–ದೇವನಹಳ್ಳಿ ಉಪನಗರ ರೈಲು: ಹಾದಿಯ ಆಯ್ಕೆಯ ಪ್ರಶ್ನೆ

ಬೆಂಗಳೂರಿನಿಂದ ದೇವನಹಳ್ಳಿಗೆ ಉಪನಗರ ರೈಲು ಹೇಗೆ ಹೋಗಬೇಕೆಂಬ ಚರ್ಚೆ ಬಹುಪಾಲು ಅಲ್ಲಿನ ವಿಮಾನ ನಿಲ್ದಾಣಕ್ಕೆ ಹೋಗುವ ಪ್ರಯಾಣಿಕರ ಸುತ್ತಲೇ ನಡೆದಿದೆ. ಯಲಹಂಕ–ದೇವನಹಳ್ಳಿ ನಡುವಿನ ಚಿಕ್ಕಜಾಲದ ಆಸುಪಾಸಿನ ಊರುಗಳಿಂದ ನಿತ್ಯ ನಗರಕ್ಕೆ ದುಡಿಯಲು ಹೋಗುವವರನ್ನು ಮುಂದಿಟ್ಟು ನೋಡಿದರೆ, ಈಗಿರುವ ಹಳಿಯ ಹಾದಿಯೇ ಯೋಗ್ಯವೆಂಬುದು ಈ ಲೇಖನದ ವಾದ. 20ನೆಯ ಶತಮಾನದ ಎರಡನೆಯ ದಶಕದಲ್ಲಿ ಎರಡೂವರೆ ಅಡಿ ಅಗಲದ ನ್ಯಾರೋಗೇಜ್ ಮಾರ್ಗವಾಗಿ ಹುಟ್ಟಿದ ಈ ಹಳಿ, ಯಲಹಂಕ ದಾಟಿದ ಮೇಲೆ ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿಗಳನ್ನು ಮುಟ್ಟಿ ಚಿಕ್ಕಬಳ್ಳಾಪುರದತ್ತ ಸಾಗುತ್ತದೆ. ಮುಂದೆ ಬ್ರಾಡ್‌ಗೇಜ್ ಆದರೂ ಹಾದಿ ಬಹುಮಟ್ಟಿಗೆ ಅದೇ ಆಗಿ ಉಳಿಯಿತು. ಆದ್ದರಿಂದ ಇಲ್ಲಿ ಹೊಸದಾಗಿ ಬೇಕಾಗುವ ಭೂಸ್ವಾಧೀನವೂ ಕಡಿಮೆ.

2020ರಲ್ಲಿ ಕೇಂದ್ರ ಸಂಪುಟ ಒಪ್ಪಿದ 148.17 ಕಿ.ಮೀ. ಉದ್ದದ, ₹15,767 ಕೋಟಿ ವೆಚ್ಚದ ಉಪನಗರ ಯೋಜನೆಯಲ್ಲಿ ಮೆಜೆಸ್ಟಿಕ್–ದೇವನಹಳ್ಳಿ ನಡುವಿನ ‘ಸಂಪಿಗೆ’ ಮಾರ್ಗ ಸುಮಾರು 41 ಕಿ.ಮೀ. ಬಳ್ಳಾರಿ ರಸ್ತೆಗುಂಟ ಮೆಟ್ರೋ ಬರುತ್ತಿರುವಾಗ ಇದು ವ್ಯರ್ಥವೆಂಬ ಆಕ್ಷೇಪವಿದೆ. ಆದರೆ ಆ ಮೆಟ್ರೋ ಹೆಬ್ಬಾಳದಲ್ಲಿ ಪೂರ್ವಕ್ಕೆ ತಿರುಗಿ ನಾಗವಾರ, ಕೆ.ಆರ್. ಪುರದ ಕಡೆ ಹೋಗುತ್ತದೆ. ರೈಲು ಹಳಿಯಾದರೋ ಕೊಡಿಗೇಹಳ್ಳಿ, ಲೊಟ್ಟೆಗೊಲ್ಲಹಳ್ಳಿ, ಯಶವಂತಪುರ, ಮಲ್ಲೇಶ್ವರಗಳ ಮೂಲಕ ಮೆಜೆಸ್ಟಿಕ್ ಸೇರುತ್ತದೆ. ದೊಡ್ಡಜಾಲದಲ್ಲಿ ರೈಲು ಹತ್ತಿದವರು ಯಶವಂತಪುರದಲ್ಲಿ ಇಳಿಯಲು ಎಲ್ಲೂ ಗಾಡಿ ಬದಲಿಸಬೇಕಿಲ್ಲ. ಎರಡರ ದಿಕ್ಕೂ ಬೇರೆ, ಪ್ರಯಾಣಿಕರೂ ಬೇರೆ. ಉಪನಗರ ರೈಲನ್ನೂ ಬಳ್ಳಾರಿ ರಸ್ತೆಗೆ ಎಳೆದು ತಂದರೆ ಮಾತ್ರ ಒಂದೇ ಕೆಲಸಕ್ಕೆ ಎರಡು ಸಲ ಹಣ ಸುರಿದಂತಾಗುತ್ತದೆ.

2021ರ ಜನವರಿಯಲ್ಲಿ ಇದೇ ಹಳಿಯಲ್ಲಿ ಶುರುವಾದ ವಿಮಾನ ನಿಲ್ದಾಣ ಹಾಲ್ಟ್‌ಗೆ ಜನ ಬರಲಿಲ್ಲವಲ್ಲ ಎಂಬುದು ಇನ್ನೊಂದು ಆಕ್ಷೇಪ. ಅಲ್ಲಿ ಇಳಿದವರು ಟರ್ಮಿನಲ್‌ಗೆ ಮತ್ತೆ ಬಸ್ಸು ಹತ್ತಬೇಕಿತ್ತು. ದಿನಕ್ಕೆ ಬರುವ ರೈಲುಗಳೂ ಬೆರಳೆಣಿಕೆಯವು. ಒಂಟಿ ಹಳಿಯಲ್ಲಿ ಎದುರಿನ ಗಾಡಿಗೆ ಕ್ರಾಸಿಂಗ್ ಕೊಟ್ಟು ಕಾಯುವ ರೈಲನ್ನು ಕಚೇರಿ ವೇಳೆಗೆ ನೆಚ್ಚಿಕೊಳ್ಳುವುದು ಕಷ್ಟ. ಸೋತದ್ದು ಈ ವೇಳಾಪಟ್ಟಿ. ಹಾದಿಯ ಮೇಲೆ ಆ ತಪ್ಪನ್ನು ಹೊರಿಸಲಾಗದು. ಟರ್ಮಿನಲ್‌ವರೆಗೆ ಕವಲು ಮಾರ್ಗ ಬೇಕೆನಿಸಿದರೆ ಮುಂದೆ ಜೋಡಿಸಬಹುದು. ಅದಕ್ಕಾಗಿ ಮುಖ್ಯ ಮಾರ್ಗವನ್ನು ಊರುಗಳಿಂದ ದೂರ ಒಯ್ಯುವ ಅಗತ್ಯವಿಲ್ಲ. ನಿಜವಾದ ತೊಡಕು ಲೆವೆಲ್ ಕ್ರಾಸಿಂಗ್‌ಗಳದು. ರೈಲುಗಳು ಹೆಚ್ಚಿದಷ್ಟೂ ಗೇಟು ಮುಚ್ಚಿರುವ ಹೊತ್ತು ಹೆಚ್ಚಿ, ಊರು ಎರಡು ಹೋಳಾಗುತ್ತದೆ. ಹೀಗಾಗಿ ಕೆಳಸೇತುವೆಗಳು ಮೊದಲು, ಜೋಡಿ ಹಳಿ ಆಮೇಲೆ, ಕವಲು ಕೊನೆಗೆ ಎಂಬ ಕ್ರಮವನ್ನು ಯೋಜನೆಯಲ್ಲೇ ಬರೆದಿಡಬೇಕು.